ಚೌಡಿಗೆ ಎರಡನೇ ಗೇರು

ಅಕ್ಟೋಬರ್ 11, 2024, ಶುಕ್ರವಾರ

ಶ್ರೀ ಚೌಡೇಶ್ವರಿ ಪ್ರಸನ್ನ.

ಆಯುಧಪೂಜೆ. ಕತ್ತಿ, ಗುದ್ದಲಿ, ಹೊಲಿಗೆ ಮಷಿನ್ನು ಎಲ್ಲ ತೊಳೆದು ಕುಂಕುಮ ಹಚ್ಚಿದೆ. ಕಡೆಗೆ ಓಮ್ನಿ. ಇವರು ಬಿದ್ದ ದಿನದಿಂದ ಅದು ಕೊಟ್ಟಿಗೆಯ ಪಕ್ಕದಲ್ಲಿ ನಿಂತಲ್ಲೇ ನಿಂತಿದೆ. ಧೂಳು ಒರೆಸಿ, ಸೇವಂತಿಗೆ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ಒಂದೊಂದು ಲಿಂಬೆಹಣ್ಣು ಇಟ್ಟೆ. ಕಾಯಿ ಒಡೆದೆ, ಆರತಿ ಎತ್ತಿದೆ. ಆಮೇಲೆ ನೆನಪಾಯಿತು, ಲಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವವರು ಯಾರು?

ಇವರು ಜಗಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ತೆಗಿ ಅದನ್ನ. ಸಾರಿಗಾದ್ರೂ ಆಗ್ತದೆ" ಎಂದರು.

ದೇವರ ಹೆಸರಿನಲ್ಲಿ ಇಟ್ಟದ್ದನ್ನು ಸಾರಿಗೆ ಹಿಂಡುತ್ತಾರೆಯೇ? ನಾನು ತೆಗೆಯಲಿಲ್ಲ.

ಸಂಜೆ ಶಿರಸಿಯಿಂದ ರಸೂಲ್ ಭಾಯಿ ಬಂದರು. ಇವರೂ ಅವರೂ ಒಂದೇ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತ ಮುದುಕರಾದವರು. ನಾನು ಹೇಳುವ ಮೊದಲೇ ಚಕ್ರದ ಕಡೆ ನೋಡಿ, ಕೀಲಿ ತೆಗೆದುಕೊಂಡು, ಗಾಡಿಯನ್ನು ಒಂದು ಮಾರು ಮುಂದೆ ತಂದರು. ನಾಲ್ಕೂ ಒಡೆದವು. ಇಳಿದು ಬಂದು ಇವರ ಪಕ್ಕ ಕೂತು, "ಮಾಸ್ತಿಯಣ್ಣ, ಭಾಭಿ ಗಾಡಿ ಕಲೀಲಿ" ಎಂದರು.

ಇವರು ಗಾಡಿಯ ಕಡೆ ನೋಡಿದರು. ಶ್ರಾವಣದಲ್ಲಿ ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಹೋದಾಗಿನಿಂದ ಮಾತೂ ಕಡಿಮೆ. ನಾಲಿಗೆ ಸರಿಯಿದೆ, ಆಡುವುದಿಲ್ಲ ಅಷ್ಟೆ. ಮಂಗಳವಾರ, ಶುಕ್ರವಾರ ಶಿರಸಿಗೆ ವ್ಯಾಯಾಮಕ್ಕೆ ಬರಬೇಕು, ಶಿವರಾತ್ರಿಯ ಒಳಗೆ ಕೈಕಾಲಿಗೆ ಬಲ ಬಂದಷ್ಟು ಬಂತು, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಬಸ್ಸು ಹತ್ತಿಸಲು ಆಗುವುದಿಲ್ಲ. ಬೇರೆ ಡ್ರೈವರು ತಮ್ಮ ಗಾಡಿ ಮುಟ್ಟುವುದು ಇವರಿಗೆ ಆಗುವುದಿಲ್ಲ. ಹೋದದ್ದಕ್ಕಿಂತ ತಪ್ಪಿಸಿದ್ದೇ ಹೆಚ್ಚು.

ತಾಯೀ, ನೀನೇ ದಾರಿ ತೋರಿಸು.

ಅಕ್ಟೋಬರ್ 22, ಮಂಗಳವಾರ

ಶ್ರೀ ಚೌಡೇಶ್ವರಿ ಪ್ರಸನ್ನ.

ಶಾಲೆಯ ಬಯಲಿನಲ್ಲಿ ಗಾಡಿ ಕಲಿಯುತ್ತಿದ್ದೇನೆ. ಐವತ್ತಕ್ಕೆ ಬಂದು ಇದೊಂದು ಬಾಕಿ ಇತ್ತು. ನಾಚಿಕೆಯಾಗುತ್ತದೆ, ಆದರೆ ಹೊಲಿಗೆ ಮಷಿನ್ನು ತುಳಿದ ಕಾಲು, ಕ್ಲಚ್ಚು ಬೇಗ ಒಗ್ಗಿತು ಎಂದು ರಸೂಲ್ ಭಾಯಿ ಹೇಳಿದರು.

ಗೇರು ನನಗೆ ಇಷ್ಟವಾಯಿತು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು, ಆಮೇಲೆ ನಾಲ್ಕು. ಇಳಿಯುವಾಗಲೂ ಹಾಗೆಯೇ. ದೀಪ ಹಚ್ಚಿ, ಗಂಟೆ ಬಾರಿಸಿ, ಧೂಪ ತೋರಿಸಿ, ಆಮೇಲೆ ಆರತಿ ಎತ್ತಿದ ಹಾಗೆ. ಯಾವುದನ್ನೂ ಬಿಡುವಂತಿಲ್ಲ. ನಾನು ಪ್ರತಿ ಸಲ ಬಾಯಲ್ಲಿ ಹೇಳಿಕೊಂಡೇ ಹಾಕುತ್ತೇನೆ.

ಇವರನ್ನೂ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡಿದ್ದೆ, ಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು. ನನ್ನ ಬಾಯಿಪಾಠ ಕೇಳಿದವರು, "ರಸೂಲಾ, ಇವಳು ಗಾಡಿ ಹೊಡಿತಾ ಇಲ್ಲ ಮಾರಾಯ, ಪೂಜೆ ಮಾಡ್ತಾ ಇದಾಳೆ" ಎಂದರು. ರಸೂಲ್ ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈಗುಳವೇ ಆದರೂ ಇವರ ಬಾಯಿಂದ ಒಂದು ಮಾತು ಬಂತಲ್ಲ ಎಂದು ನನಗೆ ಸಮಾಧಾನ.

ಹರಕೆ ಹೊತ್ತಿದ್ದೇನೆ. ಇವರೇ ಗಾಡಿ ಹೊಡೆದುಕೊಂಡು ಇಳಿಜಾರಿನ ಚೌಡಿಯ ಮುಂದೆ ಹೋಗುವ ದಿನ ಅವಳಿಗೆ ಹಸಿರು ಸೀರೆ ಉಡಿಸುತ್ತೇನೆ, ಕೋಳಿ ಕೊಡುತ್ತೇನೆ. ಅಲ್ಲಿಯವರೆಗೆ ನಾನು ತಲೆಗೆ ಹೂವು ಮುಡಿಯುವುದಿಲ್ಲ. ಸೀರೆ ತಂದು ಪೆಟ್ಟಿಗೆಯಲ್ಲಿ ಇಟ್ಟಾಯಿತು.

ನವೆಂಬರ್ 5, ಮಂಗಳವಾರ

ಶ್ರೀ ಚೌಡೇಶ್ವರಿ ಪ್ರಸನ್ನ. ನೀನು ಇಲ್ಲದಿದ್ದರೆ ಇವತ್ತು ನಾವು ಇಲ್ಲ.

ಗಾಡಿಗೆ ಕೆಂಪು ಎಲ್ ಅಂಟಿಸಿಕೊಂಡು ಮೊದಲ ಬಾರಿಗೆ ಶಿರಸಿಗೆ ಹೊರಟೆ. ಇವರು ಪಕ್ಕದಲ್ಲಿ, ರಸೂಲ್ ಭಾಯಿ ಹಿಂದಿನ ಸೀಟಿನಲ್ಲಿ. ಊರು ದಾಟಿ ಇಳಿಜಾರು ಬಂತು. ಇಳಿಜಾರಿನ ಅರ್ಧಕ್ಕೆ ಚೌಡಿಯ ಕಟ್ಟೆ, ಕಟ್ಟೆ ದಾಟಿದ ಕೂಡಲೇ ಬಲಕ್ಕೆ ಗಿರ್ರನೆ ತಿರುವು, ಎಡಕ್ಕೆ ಆಳದ ಚರಂಡಿ. ಮದುವೆಯಾಗಿ ಬಂದಂದಿನಿಂದ ಈ ಕಟ್ಟೆ ಬಂದಾಗ ನಾನು ಕಣ್ಣು ಮುಚ್ಚಿ ಕೈ ಮುಗಿಯುತ್ತೇನೆ. ಬಸ್ಸಿನಲ್ಲಿದ್ದರೂ, ಇವರ ಗಾಡಿಯಲ್ಲಿದ್ದರೂ.

ಇವತ್ತೂ ಮುಗಿದೆ. ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ.

ಚಕ್ರ ಮಣ್ಣಿಗೆ ಇಳಿದ ಸದ್ದು ಕೇಳಿತು. ಕಣ್ಣು ಬಿಡುವಷ್ಟರಲ್ಲಿ ಇವರ ಬಲಗೈ ಸ್ಟೇರಿಂಗಿನ ಮೇಲಿತ್ತು. "ಹಿಡ್ಕ ಇದನ್ನ. ಕ್ಲಚ್ ತುಳಿ" ಎಂದು ಕೂಗಿದರು. ತುಳಿದೆ. ಅದೇ ಕೈಯಲ್ಲಿ ಗೇರನ್ನು ನಾಲ್ಕರಿಂದ ಒಂದೇ ಏಟಿಗೆ ಎರಡಕ್ಕೆ ಎಳೆದರು. "ಬಿಡು, ಮೆಲ್ಲಗೆ ಬಿಡು." ಗಾಡಿ ದೊಡ್ಡ ದನಿ ತೆಗೆದು, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ನಿಧಾನವಾಯಿತು. ತಿರುವು ದಾಟಿದೆವು.

ಹಿಂದಿನಿಂದ ರಸೂಲ್ ಭಾಯಿ, "ಭಾಭಿ, ನಿಮ್ಮ ದೇವ್ರು ನಮ್ಮನ್ನ ನೋಡ್ಕೊಳ್ತಾಳೆ, ಸರಿ. ರಸ್ತೆ ನೋಡೋದು ನಿಮ್ಮ ಕೆಲಸ" ಎಂದರು.

ನನಗೆ ಬೇರೆಯದೇ ಸಂಶಯ. "ನಡುವಿನ ಮೂರು ಎಂತಕೆ ಬಿಟ್ರಿ? ಬಿಡಬಾರ್ದಲ್ಲ" ಎಂದು ಇವರನ್ನು ಕೇಳಿದೆ.

"ಮೂರಕ್ಕೆ ಅಲ್ಲಿ ಎಂತ ಕೆಲಸ?" ಎಂದರು. "ಬ್ರೇಕ್ ಒತ್ತಿ ವೇಗ ಇಳಿಸಾದು, ಸೀದಾ ಎರಡಕ್ಕೆ ಬರಾದು. ಚೌಡಿಗೆ ಎರಡನೇ ಗೇರು. ಈ ದಾರಿಯಾಗೆ ಗಾಡಿ ಹೊಡಿಯವರೆಲ್ಲ ಹಂಗೇ. ಅವಳ ಮುಂದೆ ಜೋರಾಗಿ ಹೋಗಬಾರ್ದು ಅಂತ ನೀವು ಹೇಳ್ತೀರಿ. ತಿರುವು ಐತೆ ಅಂತ ನಾವು ಹೇಳ್ತೀವಿ."

ಶ್ರಾವಣದಿಂದ ಇಷ್ಟು ಉದ್ದ ಮಾತಾಡಿದ್ದು ಇವತ್ತೇ. ಮಾತಾಡುವಾಗ ಸೊಟ್ಟ ಬಾಯಿ ಕೂಡ ನೆಟ್ಟಗಾದಂತೆ ಕಂಡಿತು. ಬರುವಾಗ ಇವರೇ ಹೇಳಿದರು, "ಕಾಲು, ಸ್ಟೇರಿಂಗು ನಿಂದು. ಗೇರು ನಾ ಹಾಕ್ತೀನಿ. ಬೇಕಾರೆ ಕೈ ಮುಗಿ. ಒಂದೇ ಕೈಯಾಗೆ."

ನವೆಂಬರ್ 15, ಶುಕ್ರವಾರ

ಚೌಡೇಶ್ವರಿ ಪ್ರಸನ್ನ.

ಇಬ್ಬರೂ ಸೇರಿ ಒಂದು ಗಾಡಿ ಹೊಡೆಯುತ್ತೇವೆ. ನಾನು ಕ್ಲಚ್ ತುಳಿದು "ಹ್ಞೂಂ" ಎನ್ನುತ್ತೇನೆ, ಇವರು ಬಲಗೈಯಲ್ಲಿ ಗೇರು ಹಾಕುತ್ತಾರೆ. ನನ್ನ ತಾಯಿಯೂ ಅತ್ತೆಯೂ ಎದುರುಬದುರು ಕೂತು ಬೀಸುಕಲ್ಲಿನ ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದುದು ನೆನಪಾಗುತ್ತದೆ. ಯಾರ ಕೈ ತಿರುಗಿಸಿತು, ಯಾರ ಕೈ ಬರೀ ಜೊತೆಗೆ ಹೋಯಿತು ಎಂದು ಹೇಳಲು ಬರುತ್ತಿರಲಿಲ್ಲ.

ಶಿರಸಿಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಚೇತನಾ. ಮೆತ್ತಗಿನ ಚೆಂಡೊಂದನ್ನು ಇವರ ಎಡಗೈಗೆ ಕೊಟ್ಟು "ಅಂಕಲ್, ಹಿಂಡಿ" ಎಂದಳು. ಚೆಂಡು ಕೆಳಗೆ ಬಿತ್ತು. ಮತ್ತೆ ಕೊಟ್ಟಳು, ಮತ್ತೆ ಬಿತ್ತು. ಆಕೆಗೆ ಬೇಸರವೇ ಇಲ್ಲ. ಇವರು ಗೋಡೆ ನೋಡುತ್ತಿದ್ದರು.

ಬರುವಾಗ ಎಕ್ಕಂಬಿ ಕಡೆ ಸ್ವಲ್ಪ ದೂರ ಹೋಗೋಣ ಎಂದರು. ಆ ರಸ್ತೆ ಚೆನ್ನಾಗಿದೆಯಂತೆ. ಅಲ್ಲೊಂದು ಸಣ್ಣ ಇಳುಕಲಿನಲ್ಲಿ ಎರಡರಿಂದ ಸೀದಾ ನಾಲ್ಕಕ್ಕೆ ಹಾಕಿ, ನನ್ನ ಮುಖ ನೋಡಿದರು. "ಇಳಿವಾಗ ಗಾಡಿನೇ ಓಡ್ತದೆ. ಮೂರು ಬ್ಯಾಡ. ಹತ್ತುವಾಗ ಮಾತ್ರ ಯಾವ್ದೂ ಬಿಡಬ್ಯಾಡ" ಎಂದು ಪಾಠ ಹೇಳಿದರು. ಸಣ್ಣ ಮಕ್ಕಳಿಗಾದ ಹಾಗೆ ಖುಷಿ ಆಗಿತ್ತು ಇವರಿಗೆ.

ನವೆಂಬರ್ 29, ಶುಕ್ರವಾರ

ಚೌಡೇಶ್ವರಿ ಪ್ರಸನ್ನ.

ಎಡಗೈ ಹೆಬ್ಬೆರಳು ಅಲ್ಲಾಡಿತು. ನಾನು ನೋಡಿದೆ, ಚೇತನಾ ನೋಡಿದಳು. ಬರುವಾಗ ಚೌಡಿಯ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿ ಕಾಯಿ ಒಡೆದೆ. ಮನೆಗೆ ಬಂದು ಪೆಟ್ಟಿಗೆಯ ಸೀರೆ ಒಮ್ಮೆ ತೆಗೆದು ನೋಡಿದೆ.

ಡಿಸೆಂಬರ್ 13, ಶುಕ್ರವಾರ

ಲೈಸನ್ಸ್ ಪರೀಕ್ಷೆ ಪಾಸಾಯಿತು. ಅಲ್ಲಿ ಗೇರನ್ನು ನಾನೇ ಹಾಕಬೇಕಿತ್ತು, ಹಾಕಿದೆ. ಇವರು ಹೊರಗೆ ಬೆಂಚಿನ ಮೇಲೆ ಕೂತು ನೋಡಿದರು.

ರಸೂಲ್ ಭಾಯಿ ಎಲ್ಲರಿಗೂ ಚಹಾ ಹೇಳಿ, "ಮಾಸ್ತಿಯಣ್ಣ, ನಿನ್ ಹೊಟ್ಟೆ ಮೇಲೆ ಹೊಡದ್ರು ನೋಡು ಭಾಭಿ. ಇನ್ನು ಬಾಡಿಗೆ ಎಲ್ಲ ಅವರಿಗೇ" ಎಂದರು.

ಇವರು ನಕ್ಕರು. ಚಹಾ ಅರ್ಧ ಬಿಟ್ಟರು.

ಹೆಬ್ಬೆರಳು ಮತ್ತೆ ಅಲ್ಲಾಡಿಲ್ಲ. ಅವತ್ತು ಅಲ್ಲಾಡಿದ್ದು ನಿಜವೋ, ನರ ಎಳೆದದ್ದೋ ಎಂದು ಚೇತನಾಗೇ ಈಗ ಗೊತ್ತಿಲ್ಲ.

ಜನವರಿ 14, 2025, ಮಂಗಳವಾರ

ಸಂಕ್ರಾಂತಿ. ಯಲ್ಲಾಪುರದಲ್ಲಿ ತನುಜಾಳ ಮನೆಗೆ ಬಂದಿದ್ದೇವೆ. ಮಗಳ ಮನೆಗೆ ನಾನೇ ಗಾಡಿ ಹೊಡೆದುಕೊಂಡು ಬರುತ್ತೇನೆ ಎಂದು ಯಾರು ಕಂಡಿದ್ದರು. ಗೇರು ಇವರದ್ದು. ದಾರಿಯಲ್ಲಿ ಒಂದೆರಡು ಕಡೆ ಇವರ ಕೈ ತಡವಾಯಿತು, ನಾನು ಕ್ಲಚ್ ತುಳಿದುಕೊಂಡೇ ಕಾಯಬೇಕಾಯಿತು. ಹಿಂದಿನವರು ಹಾರನ್ ಹೊಡೆದರು.

ಊಟಕ್ಕೆ ಕೂತಾಗ ತನುಜಾ, "ಅಪ್ಪಯ್ಯ, ಈಗ ಗೇರೇ ಇಲ್ಲದ ಕಾರು ಬಂದಾವೆ. ಕ್ಲಚ್ಚೂ ಇಲ್ಲ. ಇದನ್ನ ಕೊಟ್ಟು ಅಂಥದ್ದೊಂದು ತಗೊಂಡ್ರೆ ಅವ್ವಂಗೆ ಸಲೀಸು" ಎಂದಳು. ಅಳಿಯ ಕಿರಣನೂ "ಹೌದ್ರೀ ಮಾವ, ನಮ್ಮ ಆಫೀಸಿನೋರು ಒಬ್ರು ತಗೊಂಡಾರ" ಎಂದ.

ಇವರು ತುತ್ತು ಕೆಳಗಿಟ್ಟು, "ಹಂಗಾರೆ ನಾ ಎಂತ ಮಾಡಾದು?" ಎಂದರು.

ಎಲ್ಲರಿಗೂ ನಗು ಬಂತು. ನಾನೂ ನಕ್ಕೆ. ಪಾಯಸ ಬಡಿಸಲು ಎದ್ದೆ.

ತನುಜಾ ನನಗೆಂದು ಅಬ್ಬಲಿಗೆ ದಂಡೆ ಕಟ್ಟಿ ಇಟ್ಟಿದ್ದಳು. ಹರಕೆಯ ವಿಷಯ ಹೇಳಿದೆ. "ಇನ್ನೂ ಎಷ್ಟು ದಿನ ಅವ್ವ?" ಎಂದು ಕೇಳಿದಳು. ಅವಳ ಮೇಲೆ ಸಿಟ್ಟು ಬಂತು.

ಜನವರಿ 24, ಶುಕ್ರವಾರ

ಚೌಡಿಯ ತಿರುವಿನಲ್ಲಿ ಎದುರಿಗೆ ಮರ ತುಂಬಿದ ಲಾರಿ ಬಂತು. ರಸ್ತೆಯ ಮುಕ್ಕಾಲು ಅದರದ್ದೇ. ನಾನು ಬ್ರೇಕ್ ಒತ್ತಿ, ಕ್ಲಚ್ ತುಳಿದು, "ಹ್ಞೂಂ" ಎನ್ನುವ ಮೊದಲೇ ನನ್ನ ಕೈ ಗೇರಿಗೆ ಹೋಗಿತ್ತು. ನಾಲ್ಕರಿಂದ ಸೀದಾ ಎರಡು. ಎರಡು ಬಿದ್ದ ಮೇಲೆ ಇವರ ಕೈ ಬಂದು ನನ್ನ ಕೈ ಮೇಲೆ ಕೂತಿತು.

ಲಾರಿಯ ಬದಿಯಲ್ಲಿ ಸರಿದು ದಾಟಿದೆವು. ಬಾಯಲ್ಲಿ ಹೇಳಿಕೊಳ್ಳಲೂ ಇಲ್ಲ, ಯೋಚಿಸಲೂ ಇಲ್ಲ, ಕೈಯೇ ಮಾಡಿತು. ರಸೂಲ್ ಭಾಯಿ ಇದ್ದಿದ್ದರೆ ಶಹಬ್ಬಾಸ್ ಎನ್ನುತ್ತಿದ್ದರು.

ಇವರು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಲಾರಿ ನೋಡಿ ಹೆದರಿರಬೇಕು.

ಜನವರಿ 28, ಮಂಗಳವಾರ

ಇವತ್ತು ಗೇರು ಪೂರ್ತಿ ನಾನೇ. ಇವರು ಕೈಯನ್ನು ಮಡಿಲಲ್ಲಿಟ್ಟು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆ ಕಡೆ ಬಿಸಿಲು ಬೀಳುತ್ತದೆ ಎಂದು ಗಾಜಿಗೆ ಟವೆಲ್ ಸಿಕ್ಕಿಸಿದೆ.

ಬೇಗ ಹೋಗಿ ಬೇಗ ಬಂದೆವು. ಕೆಲಸ ಸಾಗಿತು.

ಫೆಬ್ರವರಿ 7, ಶುಕ್ರವಾರ

ಚೇತನಾ ಇವರ ಬಲಗೈ ಹಿಡಿದು ನೋಡಿದಳು. "ಅಂಕಲ್, ಈ ಕೈ ಎಂತಕೆ ಹಿಂಗೆ ಸಡಿಲ ಆಯ್ತು? ಇದು ಚಲೋ ಇತ್ತಲ್ಲ. ಗೇರು ಹಾಕ್ತಿದ್ದಿರಿ ಅಲ್ದಾ?"

"ಈಗ ಅವಳಿಗೇ ಬರ್ತದೆ" ಎಂದರು ಇವರು.

ಆ ಹುಡುಗಿ ನನ್ನ ಮುಖ ನೋಡಿದಳು. ಹೊಗಳಿಕೆ ಎಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ. ಮನೆಗೆ ಬಂದು ಅನ್ನಕ್ಕೆ ಎಸರಿಟ್ಟ ಮೇಲೆ ಆ ನೋಟ ಮತ್ತೆ ನೆನಪಾಯಿತು.

ಫೆಬ್ರವರಿ 14, ಶುಕ್ರವಾರ

ಇವರು ಹೊರಡಲಿಲ್ಲ. ಅಂಗಿ ಹಾಕಿಸಿದೆ, ತೆಗೆದು ಹಾಕು ಎಂದರು. "ಚೆಂಡು ಬೀಳಿಸಕೆ ಶಿರಸಿಗೆ ಎಂತಕೆ ಹೋಗಬೇಕು? ಇಲ್ಲೇ ಬೀಳಿಸ್ತೀನಿ" ಎಂದರು.

ಬೈದೆ. ಅತ್ತುಬಿಟ್ಟೆ. ಉಪ್ಪಿಟ್ಟು ತಣ್ಣಗಾಯಿತು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಉಪವಾಸ ಮಾಡಿದೆ. ದೇವಸ್ಥಾನಕ್ಕೆ ಹೋಗಲು ಮನಸ್ಸಾಗಲಿಲ್ಲ.

ಫೆಬ್ರವರಿ 28, ಶುಕ್ರವಾರ

ಬಂದ ಮೇಲೆ ಅಡುಗೆ ಮಾಡಿಲ್ಲ. ಇದನ್ನು ಬರೆದು ಮಾಡುತ್ತೇನೆ.

ಕೊನೆಯದೊಂದು ಸಲ ಬನ್ನಿ ಎಂದು ಕೈಕಾಲು ಹಿಡಿದು ಹೊರಡಿಸಿದೆ. ಇವರನ್ನು ಕೂರಿಸಿ ಬಾಗಿಲು ಹಾಕುವಾಗಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ, ಇವತ್ತು ಗೇರು ಇವರಿಂದಲೇ ಹಾಕಿಸಬೇಕು.

ಊರಿನೊಳಗೆ ನಾನೇ ಹಾಕಿದೆ. ಇಳಿಜಾರು ಬಂತು. ಬ್ರೇಕ್ ಒತ್ತಿದೆ, ಕ್ಲಚ್ ತುಳಿದೆ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು "ಹ್ಞೂಂ" ಎಂದೆ.

ಇವರು ಅಲ್ಲಾಡಲಿಲ್ಲ. ಗಾಡಿ ಸದ್ದಿಲ್ಲದೆ ಜಾರುತ್ತಿತ್ತು. ಚೌಡಿಯ ಕಟ್ಟೆ ಹತ್ತಿರ ಬಂತು.

"ಹಾಕಿ" ಎಂದೆ.

"ನೀನೇ ಹಾಕ್ತೀಯಲ್ಲ."

"ನಂಗೆ ಇಲ್ಲಿ ಬರಾದಿಲ್ಲ. ನೀವೇ ಹಾಕಿ."

"ಬರ್ತದೆ ನಿಂಗೆ" ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಲಾರಿ ಬಂದಾಗಲೇ ನೋಡಿದೀನಿ. ನನ್ ಕೈಗಿಂತ ಮುಂಚೆ ನಿನ್ ಕೈ ಬರ್ತದೆ."

ಬ್ರೇಕನ್ನು ಪೂರ್ತಿ ಒತ್ತಿ ಕ್ಲಚ್ ಬಿಟ್ಟುಬಿಟ್ಟೆ. ಗಾಡಿ ಚೌಡಿಯ ಎದುರೇ ರಸ್ತೆಯ ಮೇಲೆ ನಿಂತು ಆಫಾಯಿತು. ಇವರ ಬಲಗೈ ಎತ್ತಿ ಗೇರಿನ ಮೇಲಿಟ್ಟೆ. ಅದರ ಮೇಲೆ ನನ್ನ ಕೈ ಇಟ್ಟೆ. ನಾನು ಕೈ ತೆಗೆದ ಕೂಡಲೇ ಇವರದ್ದು ಕೆಳಗೆ ಬಿತ್ತು. ಬಿತ್ತೋ, ತೆಗೆದರೋ ಗೊತ್ತಿಲ್ಲ.

ಹಿಂದೆ ಬಂದ ಬಸ್ಸಿನವನು ಹಾರನ್ ಹೊಡೆಯತೊಡಗಿದ. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, "ಅಮಾ, ಪೂಜೆ ಆಮೇಲೆ ಮಾಡು, ಗಾಡಿ ಬದಿಗೆ ತೆಗಿ" ಎಂದು ಕೂಗಿದರು.

"ಒಂದು ಹಾಕಿ ಹೊರಡು" ಎಂದರು ಇವರು.

ಹಾಕಿ ಹೊರಟೆ.

ಶಿರಸಿಯಲ್ಲಿ ಡಾಕ್ಟರು ನೋಡಿದರು. ಇನ್ನು ಇಷ್ಟೇ, ಮನೆಯಲ್ಲೇ ಕೈಕಾಲು ಆಡಿಸುತ್ತಿರಿ, ಇಷ್ಟು ದೂರ ತಂದು ಹಿಂಸೆ ಕೊಡಬೇಡಿ ಎಂದರು. ಚೇತನಾ ಆ ಚೆಂಡನ್ನು ನನ್ನ ಚೀಲಕ್ಕೆ ಹಾಕಿ, ಬಾಗಿಲವರೆಗೆ ಬಂದಳು.

ಮಾರ್ಚ್ 11, ಮಂಗಳವಾರ

ಇವರು ಹಾಸಿಗೆ ಬಿಟ್ಟು ಏಳುತ್ತಿಲ್ಲ. ಜಗಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಬೇಡ, ಅಲ್ಲಿಂದ ಗಾಡಿ ಕಾಣುತ್ತದೆ ಎನ್ನುತ್ತಾರೆ.

ರಸೂಲ್ ಭಾಯಿ ಬಂದು ಬಹಳ ಹೊತ್ತು ಕೂತಿದ್ದರು. ಸ್ಟ್ಯಾಂಡಿನ ಸುದ್ದಿ ಒಂದೊಂದೇ ಹೇಳಿದರು. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೊರಡುವಾಗ ಅಂಗಳದಲ್ಲಿ ನಿಂತು, "ನಾನೇ ಕಲಿಸ್ದೆನಲ್ಲ ಭಾಭಿ" ಎಂದರು. ಅವರದ್ದೇನು ತಪ್ಪು.

ಪೆಟ್ಟಿಗೆ ತೆಗೆದಾಗ ಹಸಿರು ಸೀರೆ ಕೈಗೆ ಸಿಕ್ಕಿತು. ಅದರ ಮೇಲೆ ಇವರ ಡ್ರೈವರ್ ಅಂಗಿ ಮಡಚಿಟ್ಟು ಮುಚ್ಚಿದೆ.

ಮಾರ್ಚ್ 25, ಮಂಗಳವಾರ

ಔಷಧಿ ಮುಗಿದಿತ್ತು, ದನದ ಹಿಂಡಿಯೂ ಇರಲಿಲ್ಲ. ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ ಒಬ್ಬಳೇ ಶಿರಸಿಗೆ ಹೋಗಿಬಂದೆ. ಬರುವಾಗ ಹಿಂಡಿ ಚೀಲವನ್ನು ಇವರ ಸೀಟಿನ ಮೇಲಿಟ್ಟಿದ್ದೆ. ತಿರುವಿನಲ್ಲಿ ಗೇರಿನ ಮೇಲೆ ವಾಲಿ ಬಂತು. ಗಾಡಿ ನಿಲ್ಲಿಸಿ ಅದಕ್ಕೆ ಬೆಲ್ಟು ಹಾಕಿದೆ.

ಮಾತ್ರೆ ನುಂಗಿಸಲು ತಲೆ ಎತ್ತಿ ಹಿಡಿದಾಗ ಇವರು ಕಣ್ಣು ಬಿಟ್ಟರು.

"ಒಬ್ಳೇ ಹೋಗಿದ್ಯಾ?"

"ಹೌದು."

"ಚೌಡಿ ಹತ್ರ?"

"ಎರಡು ಹಾಕ್ದೆ."

"ಮೂರು?"

"ಹಾಕ್ಲಿಲ್ಲ. ಸೀದಾ ಎರಡು."

ನೀರು ಕುಡಿದರು. ತಲೆಯನ್ನು ದಿಂಬಿಗೆ ಇಳಿಸಿದೆ. ಮಾತು ಮುಗಿಯಿತು ಎಂದುಕೊಂಡು ಏಳುವಷ್ಟರಲ್ಲಿ ಮತ್ತೆ ಕೇಳಿದರು.

"ಕೈ ಮುಗಿದ್ಯಾ?"

ಹ್ಞೂಂ ಎಂದೆ.

ಮುಗಿದಿರಲಿಲ್ಲ. ಎರಡೂ ಕೈಗೆ ಕೆಲಸವಿತ್ತು.